87 ಪರ್ಸೆಂಟ್ ಹೋಲಿಕೆ ಬಂದರೆ ಕಾಪಿ ಅಂತಲೇ ಅರ್ಥವಾ?

ಪ್ರಶ್ನೆ: ಚಿತ್ರದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ನನ್ನದು. 64 ವಿದ್ಯಾರ್ಥಿಗಳಿದ್ದಾರೆ. ಸಿ ಭಾಷೆಯಲ್ಲಿ ಸರ್ಕ್ಯುಲರ್ ಕ್ಯೂ (ಕೊನೆ ಮುಟ್ಟಿದ ಮೇಲೆ ತಿರುಗಿ ಮೊದಲಿಗೆ ಬರುವ ಸಾಲು) ಪ್ರೋಗ್ರಾಂ ಬರೆಯಲು ಕೊಟ್ಟಿದ್ದೆ. ಇಬ್ಬರು ಹುಡುಗರ ಕೋಡ್ ಒಂದೇ ಥರ ಕಂಡಿತು, ವೇರಿಯಬಲ್ ಹೆಸರು ಮಾತ್ರ ಬೇರೆ. ಕೋಡ್‌ಗಳನ್ನು ಹೋಲಿಸುವ ಮಾಸ್ ಎಂಬ ತಂತ್ರಾಂಶಕ್ಕೆ ಹಾಕಿದೆ. 87 ಪರ್ಸೆಂಟ್ ಬಂತು. ಇನ್ನೂ 12 ಜೋಡಿಗಳು 60ಕ್ಕಿಂತ ಮೇಲಿವೆ. ವಿಭಾಗದ ಹಿರಿಯರೊಬ್ಬರು “60 ದಾಟಿದರೆ ಯುಜಿಸಿ ನಿಯಮದ ಪ್ರಕಾರ ಸೊನ್ನೆ ಹಾಕಿ” ಅನ್ನುತ್ತಾರೆ. ಹುಡುಗರು “ನಾವೇ ಬರೆದದ್ದು ಮೇಡಂ” ಅನ್ನುತ್ತಾರೆ. ಏನು ಮಾಡಲಿ? ಚಾಟ್‌ಜಿಪಿಟಿಯಿಂದ ಬರೆಸಿದ್ದನ್ನು ಹಿಡಿಯುವುದು ಹೇಗೆ?
ಹೆಸರು ಬೇಡ ಎಂದವರು, ಚಿತ್ರದುರ್ಗ

ಉತ್ತರ: ಮೇಡಂ, ಮೊದಲು ಇಷ್ಟು ಹೇಳಿಬಿಡುತ್ತೇನೆ. ಈ ವಾರ ಯಾರಿಗೂ ಸೊನ್ನೆ ಹಾಕಬೇಡಿ. ಆ ಇಬ್ಬರು ಕಾಪಿ ಮಾಡಿರಬಹುದು, ಮಾಡದೆಯೂ ಇರಬಹುದು. 87 ಎಂಬ ಅಂಕಿ ಅದನ್ನು ಹೇಳುವುದಿಲ್ಲ. 64 ಜನರ ಕೋಡನ್ನು ಒಂದಕ್ಕೊಂದು ಹೋಲಿಸಿದರೆ 2016 ಜೋಡಿ ಆಗುತ್ತವೆ. ಅಷ್ಟನ್ನೂ ನೀವು ಕೂತು ಓದಲು ಆಗುವುದಿಲ್ಲ. ಅದರಲ್ಲಿ ಯಾವ ಹತ್ತು ಹದಿನೈದು ಜೋಡಿಯನ್ನು ಓದಬೇಕು ಅಂತ ಹೇಳುವುದಷ್ಟೇ ಮಾಸ್‌ನ ಕೆಲಸ. ಓದುವುದು, ತೀರ್ಮಾನ ಮಾಡುವುದು ನಮ್ಮ ಕೆಲಸ. ಮಾಸ್ ಮಾಡಿದವರೂ ಇದನ್ನೇ ಹೇಳಿದ್ದಾರೆ: ತಂತ್ರಾಂಶ ತೋರಿಸಿದ ಭಾಗವನ್ನು ಒಬ್ಬ ಮನುಷ್ಯ ನೋಡಿಯೇ ನಿರ್ಧರಿಸಬೇಕು.

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ವಿಷಯವನ್ನು ಇಲ್ಲೇ ಮುಗಿಸುತ್ತೇನೆ, ಯಾಕೆಂದರೆ ಈ ತಪ್ಪು ತಿಳುವಳಿಕೆ ಬಹಳ ಕಡೆ ಇದೆ. ನಿಮ್ಮ ಹಿರಿಯರು ಹೇಳುತ್ತಿರುವುದು 2018ರ ನಿಯಮ. ಅದರಲ್ಲಿ ಶೇ. 10, 40, 60 ಎಂಬ ಗೆರೆಗಳಿರುವುದು ನಿಜ. ಆದರೆ ಅದನ್ನು ಮಾಡಿದ್ದು ಸ್ನಾತಕೋತ್ತರ ಮತ್ತು ಸಂಶೋಧನಾ ಮಟ್ಟದ ಪ್ರಬಂಧ, ಲೇಖನ, ಪುಸ್ತಕಗಳಿಗೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆ ಇವೆಲ್ಲ ಅದಕ್ಕೆ ಸೇರುವುದಿಲ್ಲ ಅಂತ ಆ ನಿಯಮದ ವ್ಯಾಖ್ಯೆಯಲ್ಲೇ ಬರೆದಿದೆ. ಆ ಪುಟವನ್ನು ಪ್ರಿಂಟ್ ತೆಗೆದು ಅವರಿಗೆ ತೋರಿಸಿ. ಮೂರನೇ ಸೆಮಿಸ್ಟರ್ ಹುಡುಗರ ಕ್ಯೂ ಪ್ರೋಗ್ರಾಂಗೆ ಆ ಗೆರೆ ಹಚ್ಚುವ ಹಾಗಿಲ್ಲ. ಇನ್ನೊಂದು ಕಾರಣವೂ ಇದೆ. ಇಂಗ್ಲಿಷ್‌ನಲ್ಲಿ ಬರೆದ 100 ಪುಟದ ಪ್ರಬಂಧ ಇನ್ನೊಂದಕ್ಕೆ ತಾನಾಗಿ ಶೇ. 60 ಹೋಲುವುದಿಲ್ಲ. 50 ಸಾಲಿನ ಸಿ ಪ್ರೋಗ್ರಾಂ ಹೋಲುತ್ತದೆ, ಯಾರೂ ಯಾರದ್ದನ್ನೂ ನೋಡದೇ ಇದ್ದರೂ.

ಅದು ಯಾಕೆ ಅಂತ ತಿಳಿಯಬೇಕಾದರೆ ಈ ತಂತ್ರಾಂಶಗಳು ಕೋಡನ್ನು ಹೇಗೆ ನೋಡುತ್ತವೆ ಅಂತ ಗೊತ್ತಿರಬೇಕು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ನಾಳೆ ವಿಭಾಗದ ಮೀಟಿಂಗ್‌ನಲ್ಲಿ ನೀವು ಧೈರ್ಯವಾಗಿ ಮಾತಾಡಬಹುದು.

ಹಿಂದೆ ಎಣಿಕೆಯ ವಿಧಾನ ಇತ್ತು. 1976ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಆಟೆನ್‌ಸ್ಟೀನ್ ಎಂಬುವರು ಫೋರ್ಟ್ರಾನ್ ಪ್ರೋಗ್ರಾಂಗಳಲ್ಲಿ ಎಷ್ಟು ಆಪರೇಟರ್ (ಕೂಡು, ಕಳೆ ಥರದ ಚಿಹ್ನೆ), ಎಷ್ಟು ಆಪರ‍್ಯಾಂಡ್ (ಆ ಚಿಹ್ನೆ ಕೆಲಸ ಮಾಡುವ ಹೆಸರು, ಸಂಖ್ಯೆ), ಅದರಲ್ಲಿ ಎಷ್ಟು ಬೇರೆ ಬೇರೆ ಅಂತ ನಾಲ್ಕು ಲೆಕ್ಕ ಹಾಕಿ ಹೋಲಿಸಿದರು. ನಾಲ್ಕೂ ಒಂದೇ ಬಂದರೆ ಅನುಮಾನ. ಆದರೆ ಒಂದು ಸಾಲು ಸುಮ್ನೆ ಸೇರಿಸಿದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಮುಂದೆ ಬಂದವರು ಎಣಿಸುವುದನ್ನು ಬಿಟ್ಟು ಕೋಡಿನ ಕ್ರಮವನ್ನೇ ಹೋಲಿಸಲು ಶುರು ಮಾಡಿದರು.

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ ಜೆಪ್ಲಾಗ್ ಎಂಬ ತಂತ್ರಾಂಶ ಆ ಜಾತಿಯದು. ನಿಮ್ಮ ಇನ್ಸರ್ಟ್ ಫಂಕ್ಷನ್ ಅದಕ್ಕೆ ಕಾಣುವುದು ಹೆಚ್ಚುಕಡಿಮೆ ಹೀಗೆ: ಫಂಕ್ಷನ್ ಶುರು, ಇಫ್ ಶುರು, ಫಂಕ್ಷನ್ ಕರೆ, ರಿಟರ್ನ್, ಇಫ್ ಮುಗಿತು, ಅಸೈನ್, ಅಸೈನ್, ಅಸೈನ್, ಫಂಕ್ಷನ್ ಮುಗಿತು. ಅಷ್ಟೇ. ಕಾಮೆಂಟ್ ಇಲ್ಲ, ಖಾಲಿ ಸಾಲಿಲ್ಲ, ಹೆಸರಿಲ್ಲ. ಒಬ್ಬ ‘ಕೌಂಟ್’ ಅಂತ ಬರೆದಿರಲಿ, ಇನ್ನೊಬ್ಬ ‘ಎಣಿಕೆ’ ಅಂತ ಬರೆದಿರಲಿ, ಅದಕ್ಕೆ ಎರಡೂ ಒಂದೇ. ಇಂಥ ತುಣುಕಿಗೆ ಟೋಕನ್ ಅನ್ನುತ್ತಾರೆ. ಎರಡು ಟೋಕನ್ ಸಾಲುಗಳನ್ನು ಅಕ್ಕಪಕ್ಕ ಇಟ್ಟು, ಎಲ್ಲಕ್ಕಿಂತ ಉದ್ದದ ಸಮಾನ ತುಂಡು ಯಾವುದು ಅಂತ ಹುಡುಕಿ ಗುರುತು ಹಾಕುತ್ತದೆ. ಆಮೇಲೆ ಉಳಿದದ್ದರಲ್ಲಿ ಉದ್ದದ್ದು. ಹೀಗೆ ನೆಲಕ್ಕೆ ಹೆಂಚು ಜೋಡಿಸಿದ ಹಾಗೆ ಮುಚ್ಚುತ್ತಾ ಹೋಗುತ್ತದೆ. ಫಂಕ್ಷನ್‌ಗಳನ್ನು ಮೇಲೆ ಕೆಳಗೆ ಮಾಡಿದರೂ ತಪ್ಪಿಸಿಕೊಳ್ಳಲು ಆಗದಿರುವುದು ಇದರಿಂದಲೇ.

ಹೆಸರು ಬದಲಿಸಿದರೂ ಇಂಥ ತಂತ್ರಾಂಶ ಹಿಡಿಯುವುದು ಹೀಗೆ. ಈಗ ಇದರ ಇನ್ನೊಂದು ಮುಖ ನೋಡಿ. ಸರ್ಕ್ಯುಲರ್ ಕ್ಯೂಗೆ ಇನ್ಸರ್ಟ್ ಮಾಡುವ ಫಂಕ್ಷನ್ನನ್ನು ಇನ್ನು ಹೇಗೆ ತಾನೇ ಬರೆಯಲು ಆಗುತ್ತದೆ? ತುಂಬಿದೆಯಾ ಅಂತ ನೋಡಬೇಕು, ತುಂಬಿದ್ದರೆ ಮೆಸೇಜ್ ಕೊಟ್ಟು ವಾಪಸ್ ಬರಬೇಕು, ಇಲ್ಲದಿದ್ದರೆ ರಿಯರನ್ನು, ಅಂದರೆ ಸಾಲಿನ ಕೊನೆಯ ಗುರುತನ್ನು, ಒಂದು ಮುಂದೆ ಸರಿಸಿ ಎಲಿಮೆಂಟ್ ಇಡಬೇಕು, ಎಣಿಕೆ ಒಂದು ಹೆಚ್ಚಿಸಬೇಕು. ಸರಿಯಾಗಿ ಬರೆದ ಹತ್ತು ಮಕ್ಕಳದ್ದೂ ಅದೇ ಸಾಲು. ಪ್ರಶ್ನೆ ಚಿಕ್ಕದಾದಷ್ಟೂ, ಉತ್ತರ ಸರಿಯಾದಷ್ಟೂ ಹೋಲಿಕೆ ಜಾಸ್ತಿ. ಚೆನ್ನಾಗಿ ಓದಿದ ಹುಡುಗಿಯೊಬ್ಬಳು ಇದರಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಇರುವುದು ಇದರ ಬಗ್ಗೆಯೇ.

ಮಾಸ್ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಅದನ್ನು 1994ರಲ್ಲಿ ಮಾಡಿದವರು ಅಲೆಕ್ಸ್ ಐಕೆನ್. ಸ್ಟ್ಯಾನ್‌ಫರ್ಡ್‌ನ ಸರ್ವರ್‌ನಲ್ಲಿ ನಡೆಯುತ್ತದೆ, ಪಾಠಕ್ಕೆ ಬಳಸುವವರಿಗೆ ದುಡ್ಡು ಕೇಳುವುದಿಲ್ಲ. ಅದರ ಒಳಗಿನ ಉಪಾಯವನ್ನು 2003ರಲ್ಲಿ ಪ್ರಕಟಿಸಿದರು, ವಿನೋಯಿಂಗ್ ಅಂತ ಹೆಸರಿಟ್ಟು. ವಿನೋಯಿಂಗ್ ಅಂದರೆ ತೂರುವುದು. ಕಣದಲ್ಲಿ ರಾಗಿ ತೂರುತ್ತೇವಲ್ಲ, ಅದೇ. ಕೋಡಿನಲ್ಲಿ ಒಂದರ ಮೇಲೊಂದು ಹಾಯುವ ಚಿಕ್ಕ ಚಿಕ್ಕ ತುಂಡುಗಳನ್ನು ತೆಗೆದು ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕಟ್ಟುತ್ತಾರೆ. ಬಂದ ಸಂಖ್ಯೆಗಳು 62, 18, 45, 30, 71, 24, 53, 9 ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಇಟ್ಟುಕೊಂಡರೆ ರಾಶಿ ಆಗುತ್ತದೆ. ಅದಕ್ಕೇ ನಾಲ್ಕು ನಾಲ್ಕು ಸಂಖ್ಯೆಯ ಕಿಟಕಿ ಸರಿಸುತ್ತಾ, ಪ್ರತಿ ಕಿಟಕಿಯಲ್ಲೂ ಎಲ್ಲಕ್ಕಿಂತ ಚಿಕ್ಕದನ್ನು ಮಾತ್ರ ಆರಿಸುತ್ತಾರೆ. ಮೊದಲ ಕಿಟಕಿ 62, 18, 45, 30. ಚಿಕ್ಕದು 18. ಎರಡನೆಯದರಲ್ಲೂ ಅದೇ 18. ಮೂರು, ನಾಲ್ಕರಲ್ಲಿ 24. ಐದರಲ್ಲಿ 9. ಎಂಟು ಸಂಖ್ಯೆಯಿಂದ ಉಳಿದದ್ದು ಮೂರೇ: 18, 24, 9. ಇದೇ ಆ ಪ್ರೋಗ್ರಾಂನ ಹೆಬ್ಬೆಟ್ಟಿನ ಗುರುತು. ಜೊಳ್ಳು ಹಾರಿತು, ಕಾಳು ಉಳಿಯಿತು. ಇದರ ಚೆಂದ ಏನೆಂದರೆ, ತುಂಡಿನ ಉದ್ದ 5, ಕಿಟಕಿ 4 ಆದರೆ, 8 ಅಥವಾ ಅದಕ್ಕಿಂತ ಉದ್ದದ ಯಾವ ಸಮಾನ ಭಾಗವೂ ತಪ್ಪಿಸಿಕೊಳ್ಳುವುದಿಲ್ಲ ಅಂತ ಗಣಿತದಿಂದಲೇ ತೋರಿಸಬಹುದು. 5ಕ್ಕಿಂತ ಚಿಕ್ಕದು ಲೆಕ್ಕಕ್ಕೇ ಬರುವುದಿಲ್ಲ.

ಈಗ ನಿಮ್ಮ 87ಕ್ಕೆ ಬರೋಣ. ಮಾಸ್ ಪ್ರತಿ ಜೋಡಿಗೆ ಎರಡು ಅಂಕಿ ಕೊಡುತ್ತದೆ, ಒಬ್ಬೊಬ್ಬರಿಗೆ ಒಂದೊಂದು. ನೀವು ಒಂದನ್ನೇ ಬರೆದಿದ್ದೀರಿ. ಇನ್ನೊಂದು ಎಷ್ಟು? 87 ಮತ್ತು 85 ಇದ್ದರೆ ಒಂದು ಕಥೆ, 87 ಮತ್ತು 31 ಇದ್ದರೆ ಬೇರೆ ಕಥೆ. ಜೆಪ್ಲಾಗ್‌ನಲ್ಲೂ ಸರಾಸರಿ ಅಂತ ಒಂದು, ಗರಿಷ್ಠ ಅಂತ ಒಂದು ಬರುತ್ತದೆ. ಒಬ್ಬನ ಕೋಡ್ 200 ಟೋಕನ್, ಇನ್ನೊಬ್ಬನದು 600, ಸಮಾನ ಇರುವುದು 180 ಅಂತ ಇಟ್ಟುಕೊಳ್ಳಿ. ಸರಾಸರಿ ಹೋಲಿಕೆ 45 ಪರ್ಸೆಂಟ್. ಗರಿಷ್ಠ 90. ಕಾಪಿ ಮಾಡಿ ಸುತ್ತ ಒಂದಿಷ್ಟು ಕಸ ತುಂಬಿದವನು ಸರಾಸರಿಯಲ್ಲಿ ಪಾರಾಗುತ್ತಾನೆ. ಅದಕ್ಕೇ ಎರಡನ್ನೂ ನೋಡಬೇಕು.

ಇನ್ನು ಆ 12 ಜೋಡಿಗಳು. 12 ಜೋಡಿ ಅಂದಕೂಡಲೇ 24 ಕಳ್ಳರು ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಆರು ಜನ ಒಂದೇ ಕಡೆಯಿಂದ ತೆಗೆದುಕೊಂಡರೆ ಅವರೊಳಗೇ 15 ಜೋಡಿ ಆಗುತ್ತವೆ. ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಗೆರೆ ಎಳೆಯಿರಿ. ಬಹುಶಃ ಒಂದೇ ಗುಂಪು ಕಾಣುತ್ತದೆ. ಆ ಗುಂಪಿನ ನಡುವೆ ಇರುವುದು ಯಾವುದು ಅಂತ ಹುಡುಕಿ. ನನ್ನ ಅನುಭವದಲ್ಲಿ ಹತ್ತಕ್ಕೆ ಆರು ಸಲ ಅದು ಲ್ಯಾಬ್ ಮ್ಯಾನ್ಯುಯಲ್.

ಇಲ್ಲಿ ನಮ್ಮ ಪಾಲಿನ ತಪ್ಪನ್ನು ಹೇಳಲೇಬೇಕು. ಮಕ್ಕಳಿಗೆ ಮೊದಲ ಸೆಮಿಸ್ಟರ್‌ನಿಂದ ನಾವು ಏನು ಮಾಡಿಸುತ್ತೇವೆ? ಮ್ಯಾನ್ಯುಯಲ್ ಪಿಡಿಎಫ್ ಕೊಡುತ್ತೇವೆ. ಅದರಲ್ಲಿ ಪ್ರೋಗ್ರಾಂ ಪೂರ್ತಿ ಇರುತ್ತದೆ, ಔಟ್‌ಪುಟ್ ಸಮೇತ. ಅದನ್ನು ಅಬ್ಸರ್ವೇಷನ್ ಪುಸ್ತಕಕ್ಕೆ ಬರೆಯಿರಿ, ಆಮೇಲೆ ರೆಕಾರ್ಡ್‌ಗೆ ನೀಟಾಗಿ ಬರೆಯಿರಿ ಅನ್ನುತ್ತೇವೆ. ಅಕ್ಷರ ತಪ್ಪಿದರೆ ಕೆಂಪು ಪೆನ್ನಲ್ಲಿ ಸುತ್ತುತ್ತೇವೆ. ರೆಕಾರ್ಡ್‌ಗೆ ಮಾರ್ಕ್ಸ್ ಇದೆ. ಅಂದರೆ ನೋಡಿ ಬರೆಯುವುದಕ್ಕೇ ಮಾರ್ಕ್ಸ್ ಕೊಟ್ಟು ಅಭ್ಯಾಸ ಮಾಡಿಸಿದ್ದೇವೆ. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ದಿನ ಬಂದು ‘ಇದು ಕಳವು’ ಅಂದರೆ ಆ ಮಗುವಿಗೆ ಅರ್ಥವಾಗುವುದಾದರೂ ಹೇಗೆ? ನಿಮ್ಮ ಹುಡುಗರು “ನಾವೇ ಬರೆದದ್ದು” ಅಂದಾಗ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ತಮ್ಮ ಕೈಯಾರೆ ಟೈಪ್ ಮಾಡಿದ್ದೇವೆ ಅನ್ನುವುದು ಅವರ ಅರ್ಥ.

ಆದ್ದರಿಂದ ಮ್ಯಾನ್ಯುಯಲ್‌ನ ಕೋಡನ್ನು ಬೇಸ್ ಫೈಲ್ ಆಗಿ ಕೊಟ್ಟು ಇನ್ನೊಂದು ಸಲ ನಡೆಸಿ. ಮಾಸ್‌ನಲ್ಲೂ ಜೆಪ್ಲಾಗ್‌ನಲ್ಲೂ ಅದಕ್ಕೆ ಅವಕಾಶ ಇದೆ. ಬೇಸ್‌ನಲ್ಲಿ ಇರುವುದನ್ನು ಹೋಲಿಕೆಯಿಂದ ಕಳೆಯುತ್ತಾರೆ. ನೀವು ಕ್ಲಾಸಿನಲ್ಲಿ ಬರೆಸಿದ ಮೇನ್ ಫಂಕ್ಷನ್, ಮೆನು ಇದ್ದರೆ ಅದನ್ನೂ ಸೇರಿಸಿ. ಇನ್ನೊಂದು ಸಣ್ಣ ವಿಷಯ, ಬಹಳ ಜನ ಗಮನಿಸುವುದಿಲ್ಲ. 10ಕ್ಕಿಂತ ಹೆಚ್ಚು ಪ್ರೋಗ್ರಾಂಗಳಲ್ಲಿ ಕಂಡ ತುಂಡನ್ನು ಮಾಸ್ ‘ಇದು ಮೇಷ್ಟ್ರು ಕೊಟ್ಟದ್ದಿರಬೇಕು’ ಎಂಬ ಲೆಕ್ಕದಲ್ಲಿ ತಾನೇ ಬಿಟ್ಟುಬಿಡುತ್ತದೆ. ಒಂದು ಕೋಡ್ ವಾಟ್ಸಾಪ್ ಗುಂಪಿನಲ್ಲಿ 20 ಜನಕ್ಕೆ ಹೋಗಿದ್ದರೆ ಅದು ಕಾಣುವುದೇ ಇಲ್ಲ. ಇಬ್ಬರು ಸಿಕ್ಕಿಬೀಳುತ್ತಾರೆ, 20 ಜನ ಆರಾಮಾಗಿ ಇರುತ್ತಾರೆ. ಅದು ಅನ್ಯಾಯ. ಆ 10ನ್ನು ಹೆಚ್ಚಿಸಿ ಒಂದು ಸಲ ನಡೆಸಿ ನೋಡಿ. ಹಿಂದಿನ ವರ್ಷದ ಬ್ಯಾಚಿನ ಫೈಲ್‌ಗಳಿದ್ದರೆ ಅವನ್ನೂ ಜೊತೆಗೆ ಹಾಕಿ. ಸೀನಿಯರ್‌ಗಳಿಂದ ಬರುವುದೇ ಜಾಸ್ತಿ.

ಮಾಸ್‌ಗೆ ಕಳಿಸುವ ಮೊದಲು ಮಕ್ಕಳ ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ತೆಗೆದುಬಿಡಿ. ಎಲ್ಲರೂ ಮೊದಲ ಸಾಲಿನ ಕಾಮೆಂಟ್‌ನಲ್ಲಿ ಹಾಕಿರುತ್ತಾರೆ. ಅದು ಹೊರದೇಶದ ಸರ್ವರ್, ಫಲಿತಾಂಶದ ಲಿಂಕ್ ಸಿಕ್ಕವರು ತೆರೆಯಬಹುದು. ಜೆಪ್ಲಾಗ್ ಆದರೆ ಈ ಚಿಂತೆ ಇಲ್ಲ, ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ, ಜಾವಾ ಹಾಕಿಕೊಂಡರೆ ಸಾಕು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರ ಡೋಲೋಸ್ ಎಂಬ ತಂತ್ರಾಂಶ ಕೂಡ ಚೆನ್ನಾಗಿದೆ. ಯಾರು ಯಾರಿಗೆ ಅಂಟಿಕೊಂಡಿದ್ದಾರೆ ಅಂತ ಗುಂಪು ಗುಂಪಾಗಿ ಚಿತ್ರದಲ್ಲೇ ತೋರಿಸುತ್ತದೆ. ನಾನು ಹೇಳಿದ ಹಾಳೆಯ ಗೆರೆಗಳನ್ನು ಅದೇ ಎಳೆದುಕೊಡುತ್ತದೆ.

ಎಲ್ಲ ಕಳೆದ ಮೇಲೂ ನಿಮ್ಮ ಇಬ್ಬರು ಹುಡುಗರು ಉಳಿದವರಿಂದ ದೂರ, ಎತ್ತರದಲ್ಲಿ ನಿಂತಿದ್ದರೆ ಆಗ ಕೋಡ್ ತೆರೆದು ಓದಿ. ಎಷ್ಟು ಪರ್ಸೆಂಟ್ ಅನ್ನುವುದಕ್ಕಿಂತ ಉಳಿದವರಿಗೂ ಇವರಿಗೂ ಎಷ್ಟು ಅಂತರ ಇದೆ ಅನ್ನುವುದು ಮುಖ್ಯ. ಕ್ಲಾಸಿನಲ್ಲಿ ಎಲ್ಲರೂ 50ರ ಆಸುಪಾಸಿನಲ್ಲಿದ್ದು ಇವರು ಮಾತ್ರ 87 ಇದ್ದರೆ ನೋಡಲೇಬೇಕು. ಎಲ್ಲರೂ 80ರಲ್ಲಿದ್ದರೆ 87ಕ್ಕೆ ಬೆಲೆಯಿಲ್ಲ.

ಓದುವಾಗ ಸರಿಯಾದ ಸಾಲುಗಳನ್ನು ಬಿಟ್ಟುಬಿಡಿ, ತಪ್ಪುಗಳನ್ನು ನೋಡಿ. ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತದೆ. ತಪ್ಪು ಒಬ್ಬೊಬ್ಬರದು ಒಂದೊಂದು ಥರ. ಆದರೆ ತಪ್ಪಿನಲ್ಲೂ ಎರಡು ಜಾತಿ ಇದೆ. ಕ್ಯೂನಲ್ಲಿ ಕೊನೆಯ ಎಲಿಮೆಂಟ್ ತೆಗೆದ ಮೇಲೆ ಫ್ರಂಟ್ (ಸಾಲಿನ ಮೊದಲ ಗುರುತು), ರಿಯರನ್ನು ಮತ್ತೆ ಮೈನಸ್ 1ಕ್ಕೆ, ಅಂದರೆ ಖಾಲಿ ಸ್ಥಿತಿಗೆ, ತರುವುದನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಅದು ಇಬ್ಬರಲ್ಲಿ ಕಂಡರೆ ಏನೂ ಹೇಳಿದ ಹಾಗಾಗಲಿಲ್ಲ. ಎಲ್ಲೂ ಬಳಸದ ಒಂದು ವೇರಿಯಬಲ್ ಇಬ್ಬರಲ್ಲೂ ಒಂದೇ ಜಾಗದಲ್ಲಿದ್ದರೆ, ಮೆಸೇಜ್‌ನಲ್ಲಿ ಒಂದೇ ಸ್ಪೆಲ್ಲಿಂಗ್ ತಪ್ಪಿದ್ದರೆ, ಒಂದೇ ಸಾಲಿನ ಕೊನೆಯಲ್ಲಿ ಎರಡು ಸೆಮಿಕೋಲನ್ ಇದ್ದರೆ ಅದು ಬೇರೆ ಮಾತು. ಅಪರೂಪದ ತಪ್ಪು ಎರಡು ಕಡೆ ತಾನಾಗಿ ಹುಟ್ಟುವುದಿಲ್ಲ.

ಅಪರೂಪದ ತಪ್ಪಾದರೂ ಅದರ ಮೂಲ ಇನ್ನೊಬ್ಬ ವಿದ್ಯಾರ್ಥಿಯೇ ಆಗಿರಬೇಕಿಲ್ಲ. ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ತುಂಬಾ ವರ್ಷದ ಹಿಂದೆ, ಆಗ ನಾನು ಇದ್ದ ಕಾಲೇಜಿನಲ್ಲಿ, ಲಿಂಕ್ಡ್ ಲಿಸ್ಟ್‌ನ ಡಿಲೀಟ್ ಫಂಕ್ಷನ್‌ನಲ್ಲಿ 11 ಜನ ಒಂದೇ ವಿಚಿತ್ರ ಷರತ್ತು ಬರೆದಿದ್ದರು. ಆ ಷರತ್ತಿಗೆ ಅರ್ಥವೇ ಇರಲಿಲ್ಲ. ಹನ್ನೊಂದೂ ಜನಕ್ಕೆ ಸೊನ್ನೆ ಹಾಕಿದೆ. ಮಾರನೇ ದಿನ ಒಬ್ಬ ಹುಡುಗಿ ತನ್ನ ಕ್ಲಾಸ್ ನೋಟ್ಸ್ ತಂದು ಮೇಜಿನ ಮೇಲೆ ಇಟ್ಟಳು. ಏನೂ ಮಾತಾಡಲಿಲ್ಲ. ತಾರೀಕು ಇತ್ತು. ಅದರ ಕೆಳಗೆ ಆ ಷರತ್ತು ಇತ್ತು. ಬೋರ್ಡ್ ಮೇಲೆ ಅವಸರದಲ್ಲಿ ನಾನೇ ಬರೆದಿದ್ದೆ. ಎಲ್ಲರ ಮಾರ್ಕ್ಸ್ ವಾಪಸ್ ಕೊಟ್ಟು ಕ್ಲಾಸಿನ ಮುಂದೆ ಕ್ಷಮೆ ಕೇಳಿದೆ. ಆದರೂ ಆ ಹನ್ನೊಂದರಲ್ಲಿ ಇಬ್ಬರು ಆ ಸೆಮಿಸ್ಟರ್ ಪೂರ್ತಿ ನನ್ನ ಹತ್ತಿರ ಡೌಟ್ ಕೇಳಲು ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಒಂದು ಜೋಡಿಯ ವಿಷಯ ಹತ್ತಿರದಿಂದ ಹೇಳುತ್ತೇನೆ, ನಿಮ್ಮದಕ್ಕೆ ಹೋಲುತ್ತದೆ. ನಾನು ಪಾಠ ಮಾಡಿದ ದಾವಣಗೆರೆಯಲ್ಲೇ, ಇದೇ ಸರ್ಕ್ಯುಲರ್ ಕ್ಯೂ. ಇಬ್ಬರು ರೂಮ್‌ಮೇಟ್‌ಗಳು. ಒಬ್ಬನ ಕೋಡಿನಲ್ಲಿ ಮೇಲೆ ಮ್ಯಾಕ್ಸ್ (ಕ್ಯೂನಲ್ಲಿ ಹೆಚ್ಚೆಂದರೆ ಎಷ್ಟು ಹಿಡಿಯಬೇಕು ಅನ್ನುವುದು) 5 ಅಂತ ಇತ್ತು, ಇನ್ನೊಬ್ಬನದರಲ್ಲಿ ಮ್ಯಾಕ್ಸ್ 10. ಹೆಸರೆಲ್ಲ ಬೇರೆ. ಫಂಕ್ಷನ್‌ಗಳ ಕ್ರಮವೂ ಬೇರೆ. ಆದರೆ ಕ್ಯೂ ತುಂಬಿದೆಯಾ ಅಂತ ನೋಡುವ ಇಫ್‌ನಲ್ಲಿ ಇಬ್ಬರೂ ಮ್ಯಾಕ್ಸ್ ಅಂತ ಬರೆದಿರಲಿಲ್ಲ, ನೇರವಾಗಿ 5 ಅಂತ ಬರೆದಿದ್ದರು. ಮ್ಯಾಕ್ಸ್ 5 ಇದ್ದವನ ಪ್ರೋಗ್ರಾಂನಲ್ಲಿ ಅದು ಸರಿಯಾಗಿ ನಡೆಯುತ್ತದೆ. ಮ್ಯಾಕ್ಸ್ 10 ಇದ್ದವನ ಪ್ರೋಗ್ರಾಂನಲ್ಲಿ ಆ 5ಕ್ಕೆ ಅರ್ಥವೇ ಇಲ್ಲ. ಕೋಡ್ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಅಂತ ಆ ಒಂದು ಅಂಕಿ ಹೇಳುತ್ತಿತ್ತು. ಸಬ್ಮಿಟ್ ಮಾಡಿದ ಸಮಯ ನೋಡಿದ್ದರೆ ನಾನು ಮೋಸ ಹೋಗುತ್ತಿದ್ದೆ. ಮ್ಯಾಕ್ಸ್ 10ರವನು ಎರಡು ಗಂಟೆ ಮೊದಲೇ ಕೊಟ್ಟಿದ್ದ.

ಅವನನ್ನು ಒಬ್ಬನನ್ನೇ ಕರೆದೆ. ಕಾಪಿ ಎಂಬ ಮಾತು ತೆಗೆಯಲಿಲ್ಲ. “ನಿಂದು ಎಷ್ಟು ಸೈಜಿನ ಕ್ಯೂ?” ಅಂದೆ. “ಹತ್ತು ಸರ್.” “ರನ್ ಮಾಡಿ ಆರು ಎಲಿಮೆಂಟ್ ಹಾಕು ನೋಡೋಣ.” ಹಾಕಿದ. ಆರನೆಯದಕ್ಕೆ ‘ಕ್ಯೂ ಈಸ್ ಫುಲ್’ ಅಂತ ಬಂತು. ಸ್ಕ್ರೀನ್ ನೋಡಿದ, ಕೀಬೋರ್ಡ್ ನೋಡಿದ, ಇನ್ನೊಂದು ಸಲ ಹಾಕಿದ. ಮತ್ತೆ ಅದೇ ಬಂತು. “ಯಾಕೆ ಹಂಗಾಯ್ತು?” ಅಂದೆ. ಒಂದು ನಿಮಿಷ ಸುಮ್ಮನಿದ್ದ. ಆಮೇಲೆ “ರೂಮ್‌ಮೇಟ್ ಹತ್ರ ಇಸ್ಕಂಡೆ ಸರ್” ಅಂದ. ಆಮೇಲೆ ಇನ್ನೊಬ್ಬನನ್ನು ಕರೆದು ಅದೇ ಸಾಲು ತೋರಿಸಿ “ಇಲ್ಲಿ 5 ಯಾಕಿದೆ?” ಅಂತ ಕೇಳಿದೆ. ತಕ್ಷಣ ಹೇಳಿದ: “ಮೊದ್ಲು ಮ್ಯಾಕ್ಸ್ ಇಟ್ಟಿರ್ಲಿಲ್ಲ ಸರ್. ಎಲ್ಲಾ ಕಡೆ 5 ಅಂತ್ಲೇ ಬರ್ದಿದ್ದೆ. ಆಮೇಲೆ ಬದ್ಲಾಯಿಸಿದೆ, ಇದೊಂದು ಬಿಟ್ಟೋಗೈತೆ.”

ಬರೆದವನಿಗೂ ಇಸಿದುಕೊಂಡವನಿಗೂ ಇರುವ ವ್ಯತ್ಯಾಸ ಇದು. ಬರೆದವನ ಹತ್ತಿರ ಕೋಡ್ ಹೇಗೆ ಬೆಳೆಯಿತು ಎಂಬ ಕಥೆ ಇರುತ್ತದೆ. ಮೊದಲು ಹೀಗೆ ಬರೆದೆ, ಅದು ಆಗಲಿಲ್ಲ, ಇಲ್ಲಿ ಸಿಕ್ಕಿಕೊಂಡೆ ಅಂತ ಹೇಳುತ್ತಾನೆ. ಇಸಿದುಕೊಂಡವನು ಕೋಡ್ ಏನು ಮಾಡುತ್ತದೆ ಅಂತ ಬಾಯಿಪಾಠ ಒಪ್ಪಿಸಬಹುದು. ಹೇಗೆ ಬಂತು ಅಂತ ಹೇಳಲಾರ. ನಿಮ್ಮ ಇಬ್ಬರನ್ನೂ ಒಂದೇ ದಿನ, ಒಬ್ಬರಾದ ಮೇಲೆ ಒಬ್ಬರನ್ನು, ನಡುವೆ ಮಾತಾಡಲು ಬಿಡದೆ ಕರೆಯಿರಿ. ಐದೈದು ನಿಮಿಷ ಸಾಕು. “ಯಾರದ್ದು ನೋಡಿ ಬರೆದೆ?” ಅಂತ ಶುರು ಮಾಡಿದರೆ ಮುಗಿಯಿತು, ಮಗು ಗೋಡೆ ಕಟ್ಟಿಕೊಳ್ಳುತ್ತದೆ. ಒಂದು ಸಾಲು ಅಳಿಸಿ ಈಗ ಏನಾಗುತ್ತದೆ ಅಂತ ಕೇಳಿ. ಡಿಸ್‌ಪ್ಲೇಯನ್ನು ಹಿಂದಿನಿಂದ ಮುಂದಕ್ಕೆ ತೋರಿಸುವ ಹಾಗೆ ಬದಲಿಸಲು ಹೇಳಿ. ಹೆದರಿಕೆಗೆ ಮಾತು ಬಾರದ ಮಕ್ಕಳೂ ಇರುತ್ತಾರೆ, ವೈವಾ ಅಂದರೇ ನಡುಗುವವರು. ಅಂಥವರಿಗೆ ಕೀಬೋರ್ಡ್ ಕೊಟ್ಟು ನೀವು ಸ್ವಲ್ಪ ದೂರ ಹೋಗಿ. ಬಾಯಿ ಹೇಳದ್ದನ್ನು ಕೈ ಹೇಳುತ್ತದೆ. ಕನ್ನಡದಲ್ಲಿ ಉತ್ತರಿಸಲು ಬಿಡಿ. ಮಾಡ್ಯುಲಸ್ (ಭಾಗಿಸಿದಾಗ ಉಳಿಯುವ ಶೇಷ) ಎಂಬ ಪದ ಬಾರದವನು “ಕೊನೆಗೆ ಹೋದ್ಮೇಲೆ ತಿರುಗಿ ಸೊನ್ನೆಗೆ ಬರ್ಲಿ ಅಂತ” ಅಂದರೆ ಅವನಿಗೆ ಸರ್ಕ್ಯುಲರ್ ಕ್ಯೂ ಪೂರ್ತಿ ಗೊತ್ತು.

ಲ್ಯಾಬಿನ ಕಂಪ್ಯೂಟರ್‌ಗಳನ್ನೂ ಒಮ್ಮೆ ನೋಡಿ. ಎಷ್ಟೋ ಕಡೆ ಎಲ್ಲರಿಗೂ ‘ಸ್ಟೂಡೆಂಟ್’ ಎಂಬ ಒಂದೇ ಲಾಗಿನ್. ಬೆಳಗಿನ ಬ್ಯಾಚ್ ಬರೆದ ಫೈಲ್ ಮಧ್ಯಾಹ್ನದ ಬ್ಯಾಚಿಗೆ ಹಾಗೇ ಸಿಗುತ್ತದೆ. ಬರೆದವಳಿಗೆ ತನ್ನ ಕೋಡ್ ಹೋದದ್ದು ಗೊತ್ತೇ ಇರುವುದಿಲ್ಲ. ಅವಳಿಗೆ ‘ಕೊಟ್ಟಿದ್ದೀಯ’ ಅಂತ ಶಿಕ್ಷೆ ಕೊಟ್ಟರೆ ಹೇಗೆ? ವಿಂಡೋಸ್ ಆದರೆ ಒಂದು ಸುಳಿವು ಇರುತ್ತದೆ. ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡಿದಾಗ ತಿದ್ದಿದ ತಾರೀಕು ಹಳೆಯದೇ ಉಳಿದು, ಹುಟ್ಟಿದ ತಾರೀಕು ಹೊಸದಾಗುತ್ತದೆ. ತಿದ್ದಿದ್ದು ಸೋಮವಾರ, ಹುಟ್ಟಿದ್ದು ಬುಧವಾರ ಅಂತ ಕಂಡರೆ ಅದು ಬೇರೆ ಕಡೆಯಿಂದ ಬಂದ ಫೈಲ್. ತನ್ನದೇ ಪೆನ್‌ಡ್ರೈವ್‌ನಿಂದ ತಂದರೂ ಹಾಗೇ ಆಗುತ್ತದೆ, ಹಾಗಾಗಿ ಇದನ್ನು ಪುರಾವೆ ಅಂತ ಹಿಡಿಯಬೇಡಿ.

ಚಾಟ್‌ಜಿಪಿಟಿ ವಿಷಯ. 2022ರ ನವೆಂಬರ್‌ನಲ್ಲಿ ಅದು ಬಂದಾಗಿನಿಂದ ನಮ್ಮ ಲೆಕ್ಕ ಬದಲಾಗಿದೆ. ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಬೇರೆ ಕೋಡ್ ಕೊಡುವುದರಿಂದ ಜೋಡಿ ಹೋಲಿಸುವ ತಂತ್ರಾಂಶಕ್ಕೆ ಜೋಡಿಯೇ ಸಿಗುವುದಿಲ್ಲ. ನೀವೇ ನಿಮ್ಮ ಪ್ರಶ್ನೆಯನ್ನು ಅದಕ್ಕೆ ನಾಲ್ಕೈದು ಸಲ ಕೊಟ್ಟು, ಬಂದ ಉತ್ತರಗಳನ್ನೂ ಮಕ್ಕಳ ಫೈಲ್‌ಗಳ ಜೊತೆ ಹಾಕಿ ಹೋಲಿಸಿದರೆ ಕೆಲವರು ಅದರ ಹತ್ತಿರ ಬರುತ್ತಾರೆ. ಅದೂ ಎಲ್ಲಿ ನೋಡಬೇಕು ಅನ್ನುವುದಕ್ಕೆ ಮಾತ್ರ. ‘ಇದು ಎಐ ಬರೆದದ್ದು’ ಅಂತ ಹೇಳುವ ಡಿಟೆಕ್ಟರ್‌ಗಳನ್ನು ದಯವಿಟ್ಟು ನಂಬಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಬರಹಕ್ಕೆ ಅಂಥದ್ದೊಂದನ್ನು ಬಿಟ್ಟು, ನಿಖರತೆ ಸಾಲದು ಅಂತ ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ ಡಿಟೆಕ್ಟರ್‌ಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ತಾಯಿನುಡಿ ಅಲ್ಲದವರು ಸ್ವಂತ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ್ದು ಅಂದವು. ಜಗಳೂರು, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳು ಸರಳ ಇಂಗ್ಲಿಷ್‌ನಲ್ಲೇ ಬರೆಯುತ್ತಾರೆ. ಅವರ ರಿಪೋರ್ಟ್‌ಗಳನ್ನು ಇಂಥ ಯಂತ್ರದ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಕ್ಲಾಸಿನಲ್ಲಿ ಹೇಳಿಕೊಡದ ವಿಧಾನ ಬಳಸಿದ್ದಾನೆ, ಪ್ರತಿ ಸಾಲಿಗೂ ಕಾಮೆಂಟ್ ಇದೆ ಅನ್ನುವುದು ಮಾತಾಡಿಸಲು ಕಾರಣ ಆಗಬಹುದು. ಮೇಲೆ ಹೇಳಿದ ಐದು ನಿಮಿಷದ ಮಾತು ಇಲ್ಲೂ ಕೆಲಸ ಮಾಡುತ್ತದೆ. ಕೋಡ್ ಬೆಳೆದ ಕಥೆ ಯಂತ್ರದಿಂದ ತಂದವನ ಹತ್ತಿರವೂ ಇರುವುದಿಲ್ಲ. ಸಾಧ್ಯವಾದರೆ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಕಲಿಸಿ. ದಿನಕ್ಕೊಮ್ಮೆ ಕಮಿಟ್ ಮಾಡಲು, ಅಂದರೆ ಅವತ್ತಿನ ಕೋಡನ್ನು ಅದರಲ್ಲಿ ಉಳಿಸಲು ಹೇಳಿ. ಆಗ ಆ ಕಥೆ ತಾನಾಗಿ ದಾಖಲಾಗುತ್ತದೆ.

ಹಿಡಿಯುವುದಕ್ಕಿಂತ ಪ್ರಶ್ನೆ ಬದಲಿಸುವುದರಲ್ಲಿ ನನಗೆ ಹೆಚ್ಚು ಫಲ ಸಿಕ್ಕಿದೆ. ಒಂದು ವರ್ಷ ಕ್ಯೂ ಬದಲು ದಾವಣಗೆರೆ ಎಪಿಎಂಸಿಗೆ ಬರುವ ಮೆಕ್ಕೆಜೋಳದ ಲಾಟ್‌ಗಳ ಸಾಲು ಕೊಟ್ಟೆ. ಪ್ರತಿ ಲಾಟ್‌ಗೆ ನಂಬರ್, ಚೀಲದ ಲೆಕ್ಕ, ತೇವಾಂಶ. ತೇವಾಂಶ ಒಂದು ಮಿತಿ ದಾಟಿದರೆ ಲಾಟ್ ಸಾಲಿನ ಹಿಂದಕ್ಕೆ ಹೋಗಬೇಕು. ಮಿತಿ ಎಷ್ಟು, ಸಾಲು ಎಷ್ಟುದ್ದ ಅನ್ನುವುದು ಅವರವರ ಯುಎಸ್‌ಎನ್‌ನ ಕೊನೆಯ ಎರಡು ಅಂಕಿಯಿಂದ ಬರಬೇಕು. ಒಬ್ಬ ಹುಡುಗ ಎದ್ದು ನಿಂತು “ಸರ್, ಲಾಟ್ ಹಂಗೆ ಹಿಂದಕ್ಕೆ ಹೋಗಲ್ಲ. ಒಣಗ್ಸಿ ಮಾರನೇ ದಿನ ತರ್ತಾರೆ. ನಮ್ಮಪ್ಪ ಹಂಗೇ ಮಾಡೋದು” ಅಂದ. ಅವನು ಹೇಳಿದ ಹಾಗೆ ಪ್ರಶ್ನೆ ತಿದ್ದಿದೆ. ಎರಡು ಕ್ಯೂ ಬೇಕಾಯಿತು, ಇವತ್ತಿಗೊಂದು, ನಾಳೆಗೊಂದು. ಯಾವ ಮ್ಯಾನ್ಯುಯಲ್‌ನಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಅವತ್ತು ಲ್ಯಾಬ್ ಮುಗಿದ ಮೇಲೂ ಮಕ್ಕಳು ಎದ್ದು ಹೋಗಲಿಲ್ಲ. ನಿಮ್ಮ ಕಡೆ ಚಳ್ಳಕೆರೆಯ ಶೇಂಗಾ ಇದೆಯಲ್ಲ ಮೇಡಂ, ಅದನ್ನು ಇಟ್ಟುಕೊಂಡು ಮಾಡಿ.

ಈಗ ಆ ಇಬ್ಬರು ಹುಡುಗರು. ಮಾತಾಡಿಸಿದ ಮೇಲೆ ಇಬ್ಬರಿಗೂ ಕೋಡ್ ಗೊತ್ತಿದ್ದರೆ, ಜೊತೆಗೆ ಕೂತು ಮಾಡಿದ್ದೇವೆ ಅಂದರೆ, ಮಾರ್ಕ್ಸ್ ಕಡಿಯಬೇಡಿ. ಜೊತೆಗೆ ಮಾಡಿದರೆ ಮೇಲೆ ಇಬ್ಬರ ಹೆಸರೂ ಬರೆಯಬೇಕು ಅಂತ ತಿಳಿಸಿ ಹೇಳಿ. ಈ ಮಾತನ್ನು ಸೆಮಿಸ್ಟರ್ ಶುರುವಿನಲ್ಲಿ ಯಾರೂ ಅವರಿಗೆ ಹೇಳಿರುವುದಿಲ್ಲ. ಒಬ್ಬನಿಗೆ ಗೊತ್ತಿಲ್ಲ ಅಂತಾದರೆ ಆ ಒಂದು ಪ್ರೋಗ್ರಾಂನ ಮಾರ್ಕ್ಸ್ ತಡೆಹಿಡಿದು, ಸ್ವಲ್ಪ ಬದಲಿಸಿದ ಪ್ರಶ್ನೆ ಕೊಟ್ಟು, ಮುಂದಿನ ವಾರ ನಿಮ್ಮ ಎದುರಿಗೇ ಬರೆಯಲು ಹೇಳಿ. ಬರೆದರೆ ಮಾರ್ಕ್ಸ್ ಕೊಡಿ. ಕೊಟ್ಟವನನ್ನು ಬೈಯುವ ಮೊದಲು ಯಾಕೆ ಕೊಟ್ಟೆ ಅಂತ ಕೇಳಿ. ನನ್ನ ಆ ಮ್ಯಾಕ್ಸ್ 5ರ ಹುಡುಗನನ್ನು ಕೇಳಿದ್ದೆ. “ಲ್ಯಾಪ್‌ಟಾಪ್ ಅವಂದು ಸರ್, ಹೆಂಗೆ ಇಲ್ಲ ಅನ್ಲಿ” ಅಂದ. ಆ ವಾರದಿಂದ ಸಂಜೆ ಆರರವರೆಗೆ ಲ್ಯಾಬ್ ತೆರೆದಿಡಲು ಕಾಲೇಜಿಗೆ ಬರೆದು ಒಪ್ಪಿಗೆ ತೆಗೆದುಕೊಂಡೆ. ನಿಮ್ಮಲ್ಲಿ ಲ್ಯಾಬ್ ಎಷ್ಟು ಗಂಟೆಗೆ ಬೀಗ ಹಾಕುತ್ತಾರೆ, ಹಾಸ್ಟೆಲ್‌ನ ಎಷ್ಟು ಮಕ್ಕಳ ಹತ್ತಿರ ಸ್ವಂತ ಕಂಪ್ಯೂಟರ್ ಇದೆ ಅಂತ ಈ ವಾರವೇ ವಿಚಾರಿಸಿ.